ಮೂರು ವೋಲ್ಟಿನ ನೆನಪು

ಎಂಬತ್ತರ ದಶಕದ ಇಂಗ್ಲಿಷ್ ಪ್ರೇಮಗೀತೆಗಳಲ್ಲಿ ಗಾಜಿನ ಬಳೆ ತಾಗಿದ ಹಾಗೆ ಒಂದು ಎಲೆಕ್ಟ್ರಿಕ್ ಪಿಯಾನೋ ಕೇಳ್ಸುತ್ತಲ್ಲ, ಅದು ಎಷ್ಟೋ ಸಲ ಯಮಹಾ ಡಿಎಕ್ಸ್7. ಬಂದಿದ್ದು 1983ರಲ್ಲಿ, ನಾನು ಹುಟ್ಟೋಕೂ ಎಷ್ಟೋ ಮುಂಚೆ. ಬೀಜ ಇನ್ನೂ ಹಳೇದು. 1967ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್, ಒಂದು ಅಲೆಯ ಆವರ್ತನವನ್ನು ಇನ್ನೊಂದು ಅಲೆಯಿಂದ ವೇಗವಾಗಿ ಅಲುಗಾಡಿಸಿದರೆ ಗಂಟೆಯಂಥ, ತುತ್ತೂರಿಯಂಥ ನಾದ ಹುಟ್ಟುತ್ತೆ ಅಂತ ಕಂಡುಕೊಂಡ್ರು. ಯಮಹಾ ಅದರ ಲೈಸೆನ್ಸ್ ಪಡೆದು ಚಿಪ್ಪಿಗಿಳಿಸಿತು.

ಈ ವಾದ್ಯದೊಳಗೆ 32 ಸ್ವರಗಳನ್ನ ಇಟ್ಕೋಬಹುದು. ಒಂದೊಂದಕ್ಕೂ 128 ಬೈಟ್, ಒಟ್ಟು 4096. ಇವತ್ತು ಒಂದು ಫೋಟೋದ ಮೂಲೆಗೂ ಸಾಲದು! ಆದ್ರೆ ಅಷ್ಟನ್ನೂ ಕಾಯೋದು ಬೋರ್ಡಿಗೆ ಬೆಸುಗೆ ಹಾಕಿದ, ನಾಣ್ಯದಷ್ಟು ದೊಡ್ಡ ಮೂರು ವೋಲ್ಟಿನ ಲಿಥಿಯಂ ಸೆಲ್. ಅದು ಸತ್ತರೆ ನೆನಪೂ ಹೋಯ್ತು. (ಕೊರ್ಗ್ ಪಾಲಿಸಿಕ್ಸ್ ಕಥೆ ಇನ್ನೂ ಘೋರ. 1981ರ ಆ ವಾದ್ಯದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಬೋರ್ಡಿನ ತಾಮ್ರವನ್ನೇ ತಿಂದುಹಾಕುತ್ತೆ.)

ಕುವೈತಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಅದೇ 1983ರಲ್ಲಿ ಜಪಾನಿನಿಂದ ಎಂಎಸ್‌ಎಕ್ಸ್ ಅನ್ನೋ ಮನೆಬಳಕೆ ಕಂಪ್ಯೂಟರಿನ ಮಾದರಿ ಘೋಷಣೆಯಾಯ್ತು. ಇಲ್ಲಿ ಮೊಹಮ್ಮದ್ ಅಲ್-ಶಾರಿಖ್ 1982ರಲ್ಲಿ ಕಟ್ಟಿದ ಅಲ್ ಅಲಮಿಯಾ ಕಂಪನಿ ಅದಕ್ಕೆ ಅರಬ್ಬೀ ಕಲಿಸಿ 'ಸಖ್ರ್' ಅನ್ನೋ ಹೆಸರಲ್ಲಿ ಮಾರಿತು. ಯಂತ್ರ ಮಾಡಿಕೊಟ್ಟಿದ್ದು ಯಮಹಾ ಮತ್ತು ಸಾನ್ಯೋ. ಯಮಹಾದ್ದೇ ಸಿಎಕ್ಸ್5ಎಂ ಎಂಬ ಸಂಗೀತದ ಎಂಎಸ್‌ಎಕ್ಸ್‌ಗೆ ಡಿಎಕ್ಸ್7 ಸ್ವರಗಳನ್ನು ಟೀವಿ ಪರದೆ ಮೇಲೆ ತಿದ್ದೋ ಕಾರ್ಟ್ರಿಡ್ಜ್ ಕೂಡ ಇತ್ತು. ಒಂದೇ ಮನೆತನ ಅನ್ನಿ. 1990ರ ಆಗಸ್ಟಿನಲ್ಲಿ ಇರಾಕ್ ನುಗ್ಗಿದ ಮೇಲೆ ಸಖ್ರ್ ಕೆಲಸ ಕೈರೋಗೆ ಹೋಯ್ತು. ಆ ಕಂಪ್ಯೂಟರುಗಳ ಅರಬ್ಬೀ ಅಕ್ಷರಗಳು ರಾಮ್‌ನಲ್ಲಿಲ್ಲ, ರೋಮ್‌ನಲ್ಲಿವೆ. ಕರೆಂಟಿಲ್ಲದೆ ಎಷ್ಟು ವರ್ಷ ಬಿದ್ದಿದ್ರೂ ಅಳಿಸಿಹೋಗಲ್ಲ. ಕಾರ್ಖಾನೆ ಬರೆದದ್ದು ಉಳಿಯುತ್ತೆ, ಮನುಷ್ಯ ಕೂತು ತಿದ್ದಿದ್ದಕ್ಕೆ ಸೆಲ್ ಬೇಕು. ನಂಗೆ ಇದು ಸ್ವಲ್ಪ ಅನ್ಯಾಯ ಅನ್ಸುತ್ತೆ.

ಅಲ್-ರಾಯ್‌ನ ಶುಕ್ರವಾರದ ಸಂತೆಯಲ್ಲಿ ಮಂಗಳೂರಿನ ಗೆಳೆಯನೊಬ್ಬನಿಗೆ ಒಂದು ಡಿಎಕ್ಸ್7 ಸಿಕ್ಕಿತು. ಒಳಗೆ ಹಿಂದಿನ ಯಾರೋ ಮಾಡಿಟ್ಟ ಸ್ವರಗಳಿದ್ವು. ಊದ್‌ನಂತೆ ಮಿಡಿಯೋದೊಂದು, ಮದುವೆಮನೆ ಕೊಳಲಿನಂಥದ್ದೊಂದು. ಬ್ಯಾಟರಿ ಬದಲಿಸೋಕೆ ರಿಪೇರಿ ಅಂಗಡಿಗೆ ಕೊಟ್ಟ. ವಾಪಸ್ ಬಂದಾಗ ಪರದೆ ತುಂಬ ಕಸದ ಅಕ್ಷರ, ಹೊಸದಾಗಿ ಉಳಿಸಿದ್ದೂ ಬೆಳಿಗ್ಗೆಗೆ ಮಾಯ.

ರಾಮ್ ಚಿಪ್ಪೇ ಸತ್ತಿದೆ ಅಂತ ಅಂಗಡಿಯವ್ರು ಅಂದ್ರು. ನಾನು ನಂಬಲಿಲ್ಲ, ಯಾಕಂದ್ರೆ ಪ್ಲಗ್ ಹಾಕಿರೋವರೆಗೂ ಸ್ವರ ಉಳೀತಿತ್ತು. ಪ್ಲಗ್ ತೆಗೆದು ಮೀಟರ್ ಹಿಡಿದೆ. ಸೆಲ್ಲಿನ ಎರಡು ಕಾಲಿಗೆ ಮೂರು ವೋಲ್ಟ್ ಚಿಲ್ಲರೆ, ಸರಿ. ರಾಮ್ ಚಿಪ್ಪಿನ ಕಾಲಿಗೆ ನಡುವಿನ ಡಯೋಡ್ ತಿಂದು ಸ್ವಲ್ಪ ಕಡಿಮೆ ಬರಬೇಕು, ಬಂದಿದ್ದು ಸೊನ್ನೆ. ಹಳೇ ಸೆಲ್ ಕೀಳುವಾಗ ಬಿಸಿ ಜಾಸ್ತಿಯಾಗಿ ರಂಧ್ರದ ಸುತ್ತಲಿನ ತಾಮ್ರದ ಬಳೆ ಎದ್ದುಬಂದಿತ್ತು. ಒಂದು ಸಣ್ಣ ತಂತಿ ಬೆಸೆದು ದಾರಿ ಜೋಡಿಸಿದೆ, ಜೊತೆಗೆ ಸೆಲ್ಲಿಗೆ ಹೋಲ್ಡರ್ ಹಾಕಿದೆ. ರಾತ್ರಿಯಿಡೀ ಆಫ್ ಮಾಡಿಟ್ರೂ ಸ್ವರ ನಿಂತ್ಕೊಂಡಿತು.

ಆಮೇಲೆ ಲ್ಯಾಪ್‌ಟಾಪಿನಿಂದ ಮಿಡಿ ತಂತಿಯಲ್ಲಿ ಕಾರ್ಖಾನೆ ಸ್ವರ ಕಳಿಸಿದ್ರೆ ಅಲ್ಲಾಡಲಿಲ್ಲ. ಗಾಬರಿ ಬೇಡಿ, ಇದು ಕೆಟ್ಟಿರೋದಲ್ಲ. ಡಿಎಕ್ಸ್7ನಲ್ಲಿ ಮೆಮೊರಿ ಪ್ರೊಟೆಕ್ಟ್ ಆಫ್ ಮಾಡ್ಬೇಕು, ಮಿಡಿ ಮೆನುವಿನ ಸಿಸ್ಟಂ ಇನ್ಫೋವನ್ನ 'ಅವೈಲ್' ಮಾಡ್ಬೇಕು. ತಲೆಬುಡ ಸೇರಿ 4104 ಬೈಟ್, ಸೆಕೆಂಡಿಗೆ 31250 ಬಿಟ್ ವೇಗ. ಒಂದೂಕಾಲು ಸೆಕೆಂಡು ಮೀರಿ ಒಂಚೂರು, 32 ಸ್ವರವೂ ಒಳಗೆ.

ಊದ್ ಮಾತ್ರ ಸಿಗಲಿಲ್ಲ. ಸೆಲ್ ಕೀಳೋ ಮುಂಚೆ ಅದೇ ತಂತಿಯಲ್ಲಿ ತಿರುಗಿ ಒಂದೂಕಾಲು ಸೆಕೆಂಡು ಕೊಟ್ಟಿದ್ರೆ ಅದೂ ಲ್ಯಾಪ್‌ಟಾಪಿಗೆ ಬರ್ತಿತ್ತು. ಗೆಳೆಯ ಈಗ ಕಿವಿಯಲ್ಲಿ ಉಳಿದಿರೋ ನೆನಪಿಂದ ಅದನ್ನ ಮತ್ತೆ ಕಟ್ತಾ ಇದಾನೆ. ಮಿಡಿದ ಮೊದಲ ಕ್ಷಣ ಸರಿ ಬಂದಿದೆ, ಬಾಲ ಇನ್ನೂ ಗಂಟೆ ಥರಾನೇ ಕೇಳುತ್ತೆ.