ಓದಿದ ಹಲ್ಲು, ಅರೆದ ಹಲ್ಲು: ಪುಣೆಯ ಅಶ್ವಚರಿತ್ರೆಯಿಂದ ಒಂದು ಟಿಪ್ಪಣಿ

ಕುದುರೆಯ ವಯಸ್ಸನ್ನು ಬಾಯಿ ತೆರೆಸಿ ನೋಡಿಯೇ ನಿರ್ಣಯಿಸಬೇಕೆಂಬ ತಿಳಿವಳಿಕೆ ನಮ್ಮಲ್ಲಿ ಬಹು ಪ್ರಾಚೀನವಾದುದು. ಕರ್ನಾಟಕದ ದನದ ಜಾತ್ರೆಗಳಲ್ಲಿ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ಎತ್ತುಗಳನ್ನು ವರ್ಗೀಕರಿಸುವ ಪರಿಭಾಷೆ ಇಂದಿಗೂ ಬಳಕೆಯಲ್ಲಿದೆ. ಕುದುರೆಯ ವಿಷಯದಲ್ಲಿ ಈ ಓದು ಇನ್ನೂ ಸೂಕ್ಷ್ಮವಾಗಿತ್ತು. ಆದರೆ ಹಲ್ಲನ್ನು ಓದುವುದು ಬೇರೆ, ಹಲ್ಲನ್ನು ಕಾಪಾಡುವುದು ಬೇರೆ. ಮೊದಲನೆಯದು ಸಂತೆಯ ವಿದ್ಯೆ; ಎರಡನೆಯದು ಲಾಯದ ವಿದ್ಯೆ. ಇವೆರಡರ ನಡುವಣ ಅಂತರವನ್ನು ಪುಣೆ ನಗರವನ್ನು ನೆಲೆಯಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ. ಪುಣೆಯನ್ನೇ ಆರಿಸಿಕೊಳ್ಳಲು ಕಾರಣವಿದೆ: ಮರಾಠ ಕುದುರೆದಳ, ಬ್ರಿಟಿಷ್ ದಂಡುಪ್ರದೇಶ, ರೇಸ್ ಮೈದಾನ, ಹಸ್ತಪ್ರತಿ ಭಂಡಾರ ಇವೆಲ್ಲ ಒಂದೇ ಊರಿನಲ್ಲಿ ಕೂಡಿಬಂದ ನಿದರ್ಶನ ದಖ್ಖನಿನಲ್ಲಿ ವಿರಳ.

ಮೊದಲು ಓದಿನ ಪರಂಪರೆಯನ್ನು ನೋಡೋಣ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಅಶ್ವಲಕ್ಷಣ ಭಾಗದಲ್ಲಿ ಒಂದೇ ಪದ್ಯದೊಳಗೆ ಕುದುರೆಯ ಇಡೀ ಆಯುಸ್ಸನ್ನು ಬಾಚಿಹಲ್ಲುಗಳ ಮೇಲೆ ಅಳೆದಿದ್ದಾನೆ. ಆರು ಬಿಳಿಯ ಹಲ್ಲುಗಳಿದ್ದರೆ ಒಂದು ವರ್ಷದ ಮರಿ. ಅವು ಕಷಾಯವರ್ಣಕ್ಕೆ ತಿರುಗಿದರೆ ಎರಡು ವರ್ಷ. ನಡುವಿನ, ಅದರ ಪಕ್ಕದ, ಅಂಚಿನ ಜೋಡಿಗಳು ಕ್ರಮವಾಗಿ ಬಿದ್ದು ಹುಟ್ಟಿದಾಗ ಮೂರು, ನಾಲ್ಕು, ಐದು ವರ್ಷ. ಆಮೇಲೆ ಕಪ್ಪು, ಹಳದಿ, ಬಿಳುಪು, ಗಾಜು, ಜೇನು, ಶಂಖ ಎಂಬ ಬಣ್ಣಗಳೂ, ಕುಳಿ, ಅಲುಗಾಟ, ಪತನ ಎಂಬ ಅವಸ್ಥೆಗಳೂ ಮೂರು ಮೂರು ವರ್ಷಗಳ ಲೆಕ್ಕದಲ್ಲಿ ಬರುತ್ತವೆ. ಪ್ರತಿಯೊಂದು ಗುರುತೂ ಮೂರು ಜೋಡಿಗಳಲ್ಲಿ ವರ್ಷಕ್ಕೊಂದು ಜೋಡಿಯಂತೆ ಕಾಣಿಸಿಕೊಳ್ಳುವುದರಿಂದ ಈ ಮೂರರ ಲೆಕ್ಕ. ಒಟ್ಟು ಕೂಡಿಸಿದರೆ 32 ವರ್ಷ. ಬೃಹಜ್ಜಾತಕದಲ್ಲಿ ಆತನೇ ಕುದುರೆಗೆ ಹೇಳುವ ಪರಮಾಯುಸ್ಸೂ ಇಷ್ಟೇ ಎಂಬುದು ಗಮನಾರ್ಹ.

ಈ ಗಣನೆಯ ಮೊದಲ ಭಾಗ ಆಧುನಿಕ ಪಶುವೈದ್ಯಕ್ಕೆ ಬಹುಮಟ್ಟಿಗೆ ಸಮ್ಮತವಾದುದು. ಶಾಶ್ವತ ಬಾಚಿಹಲ್ಲುಗಳು ಸುಮಾರು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಗಳಲ್ಲಿ ಮೂಡುತ್ತವೆ, ಐದಕ್ಕೆ ಬಾಯಿಗೂಡುತ್ತದೆ. ಕೆಳದವಡೆಯ ಬಾಚಿಹಲ್ಲಿನ ಕಪ್ಪು ಕುಳಿಗಳು ಸವೆದು ಮಾಯವಾಗುವುದಕ್ಕೆ ಪಠ್ಯಪುಸ್ತಕಗಳು ಕೊಡುವ ವರ್ಷಗಳು ಆರು, ಏಳು, ಎಂಟು. ಅಲ್ಲಿಂದಾಚೆಗೆ ಮಾತ್ರ ವರಾಹಮಿಹಿರನ ಬಣ್ಣಗಳೂ ನಂಬಲರ್ಹವಲ್ಲ, ಹತ್ತೊಂಬತ್ತನೆಯ ಶತಮಾನದ ಗ್ಯಾಲ್ವೇನ್ ಪ್ರಚುರಪಡಿಸಿದ ಮೇಲ್ದವಡೆಯ ಅಂಚುಹಲ್ಲಿನ ಗೀರೂ ಅಷ್ಟಾಗಿ ನಂಬಲರ್ಹವಲ್ಲ. ತಳಿ, ಮೇವು, ನೆಲ ಇವುಗಳಿಂದ ಸವೆತ ಬದಲಾಗುತ್ತದೆ.

ಕನ್ನಡದಲ್ಲಿ ಈ ಶಾಸ್ತ್ರಕ್ಕೆ ಸ್ವತಂತ್ರ ಸ್ಥಾನವಿತ್ತು. ಅಭಿನವಚಂದ್ರನ ಅಶ್ವವೈದ್ಯ, ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ 1627ರಲ್ಲಿ ಪದ್ಮಣಪಂಡಿತನು ರಚಿಸಿದ ಹಯಸಾರಸಮುಚ್ಚಯ ಇವು ಸುಪರಿಚಿತ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೂ ಕುದುರೆಗಳಿಗೆ ವಿಸ್ತಾರವಾದ ಎಡೆ ಕೊಟ್ಟಿದೆ. ಶಾಸನಗಳಲ್ಲಿ ಬರುವ ಸಾಹಣಿ, ಮಹಾಸಾಹಣಿ ಎಂಬ ಅಧಿಕಾರಿಗಳು ಲಾಯದ ಮೇಲ್ವಿಚಾರಕರು. ಇಷ್ಟೊಂದು ಆಸ್ಥೆಗೆ ಆರ್ಥಿಕ ಕಾರಣ ಸ್ಪಷ್ಟ: ದಕ್ಷಿಣದ ರಾಜ್ಯಗಳಿಗೆ ಉತ್ತಮ ಕುದುರೆ ಸಮುದ್ರದಾಚೆಯಿಂದ ಬರಬೇಕಾಗಿತ್ತು. ವಿಜಯನಗರದ ಅರಸನು ವರ್ಷಕ್ಕೆ ಹರ್ಮುಜ್ ಮತ್ತು ದೇಶೀ ಕುದುರೆಗಳು ಸೇರಿ 13,000ವನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಹಣ ಸಲ್ಲುತ್ತಿದ್ದ ಕಾಲವನ್ನೂ ಹೇಳುತ್ತಾನೆ. ಸತ್ತ ಕುದುರೆಗೆ ಬಾಲವೇ ಪ್ರಮಾಣಪತ್ರ, ಬದುಕಿದ್ದಕ್ಕೆ ಬಾಯಿ! ಕೊಳ್ಳುವವನಿಗೆ ಕಾಣುವ ಬಾಚಿಹಲ್ಲು ಮುಖ್ಯವಾದುದು ಸಹಜ.

ಆದರೆ ಕುದುರೆ ಮೇವನ್ನು ಅರೆಯುವುದು ಬಾಚಿಹಲ್ಲಿನಿಂದಲ್ಲ, ದವಡೆಹಲ್ಲಿನಿಂದ. ನಿಜವಾದ ತೊಂದರೆ ಇರುವುದು ಆ ಕತ್ತಲೆಯಲ್ಲಿ. ಕುದುರೆಯ ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಹೊರಬರುತ್ತಲೇ ಇರುತ್ತದೆ, ಅಷ್ಟೇ ಸವೆಯುತ್ತಲೂ ಇರಬೇಕು. ಮೇಲ್ದವಡೆ ಕೆಳದವಡೆಗಿಂತ ಅಗಲ. ಆದುದರಿಂದ ಮೇಲಿನ ಹಲ್ಲುಗಳ ಕೆನ್ನೆಯ ಕಡೆಯ ಅಂಚೂ ಕೆಳಗಿನವುಗಳ ನಾಲಗೆಯ ಕಡೆಯ ಅಂಚೂ ಸವೆಯದೆ ಉಳಿದು ಚೂಪಾಗುತ್ತವೆ. ಬಯಲಿನಲ್ಲಿ ದಿನದ ಬಹುಪಾಲು ಒರಟು ಹುಲ್ಲು ಮೇಯುವ ಕುದುರೆ ದವಡೆಯನ್ನು ಅಡ್ಡಡ್ಡಲಾಗಿ ಅಗಲಕ್ಕೆ ಆಡಿಸುತ್ತದೆ. ಅಂಚುಗಳು ತಕ್ಕಮಟ್ಟಿಗೆ ತೇಯುತ್ತವೆ. ಲಾಯದಲ್ಲಿ ಕಟ್ಟಿ ಕಾಳು ತಿನ್ನಿಸಿದ ಕುದುರೆಯ ದವಡೆಯ ಓಟ ಮೊಟಕಾಗುತ್ತದೆ. ಅಂಚು ಕೆನ್ನೆಯನ್ನೂ ನಾಲಗೆಯನ್ನೂ ಕೊಯ್ಯುತ್ತದೆ. ಕುದುರೆ ಅರೆಜಗಿದ ಹುಲ್ಲಿನ ಉಂಡೆಯನ್ನು ಉಗುಳುತ್ತದೆ, ತಲೆ ಓರೆಮಾಡಿ ಮೇಯುತ್ತದೆ, ಲದ್ದಿಯಲ್ಲಿ ಇಡಿಯ ಕಾಳು ಬೀಳುತ್ತದೆ, ಮೈ ಇಳಿಯುತ್ತದೆ. ಪರಿಹಾರ ಸರಳ: ಬಾಯಿಗೆ ತೆರಪುಗಂಡಿ ಹಾಕಿ ಉದ್ದ ಹಿಡಿಯ ಅರದಿಂದ ಆ ಅಂಚುಗಳನ್ನು ಮಾತ್ರ ಉಜ್ಜಿ ನಯಗೊಳಿಸುವುದು. ಅರೆಯುವ ಮೈಯನ್ನು ಸಪಾಟು ಮಾಡಬಾರದು. ಅದರ ಒರಟುತನವೇ ಬೀಸುಕಲ್ಲಿನ ಮುಳ್ಳು. ಇಂದು ಮಂಪರು ಮದ್ದು ಕೊಟ್ಟು ವಿದ್ಯುತ್ ಅರವನ್ನೂ ಬಳಸುತ್ತಾರೆ. ವರ್ಷಕ್ಕೊಮ್ಮೆ, ಎಳೆಯ ಹಾಗೂ ಮುದಿ ಕುದುರೆಗಳಿಗೆ ಆರು ತಿಂಗಳಿಗೊಮ್ಮೆ ತಪಾಸಣೆ ಎಂಬುದು ಈಗಿನ ವಾಡಿಕೆ.

ಹೀಗಾಗಿ ಹಲ್ಲಿನ ಚರಿತ್ರೆ ಮೇವಿನ ಚರಿತ್ರೆಯಿಂದ ಬೇರೆಯಲ್ಲ. ಇಲ್ಲಿ ಪುಣೆಯ ವಿದ್ವಾಂಸರೊಬ್ಬರನ್ನು ನೆನೆಯಲೇಬೇಕು. ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ 1919ರಿಂದ ದೀರ್ಘಕಾಲ ಹಸ್ತಪ್ರತಿಗಳ ಪಾಲಕರಾಗಿದ್ದ ಪರಶುರಾಮ ಕೃಷ್ಣ ಗೋಡೆಯವರು ಕಡಲೆ ಕುದುರೆಯ ಆಹಾರವಾಗಿ ಬಳಕೆಯಾದ ಇತಿಹಾಸವನ್ನು ಸಾವಿರ ವರ್ಷಗಳ ಅವಧಿಗೆ ಹಬ್ಬಿಸಿ ಸಂಶೋಧಿಸಿದರು. ಅರಮನೆ ಯುದ್ಧಗಳನ್ನು ಬಿಟ್ಟು ಕುದುರೆಯ ಬುಟ್ಟಿಯೊಳಗೆ ಇಣುಕಿದ ಇಂಥ ಶ್ರದ್ಧೆ ನಮ್ಮಲ್ಲಿ ಅಪರೂಪ. ಕನ್ನಡ ನಾಡಿನಲ್ಲಿ ಕಡಲೆಯ ಜೊತೆಗೆ ಹುರುಳಿ ಬೇಯಿಸಿ ಇಡುವ ಪದ್ಧತಿಯಿತ್ತು. ಇಂಗ್ಲಿಷಿನವರು ಹುರುಳಿಗೆ ಕುದುರೆಯ ಹೆಸರನ್ನೇ ಇಟ್ಟರು. ಬೆಂದ ಕಾಳು ಕಸುವನ್ನೇನೋ ಕೊಡುತ್ತದೆ, ಆದರೆ ದವಡೆಗೆ ಕೆಲಸ ಕೊಡುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಗೋಡೆಯವರ ಸಾಮಗ್ರಿಯನ್ನು ದಂತವೈದ್ಯದ ದೃಷ್ಟಿಯಿಂದ ಮರಳಿ ಓದುವ ಅವಕಾಶ ಇಲ್ಲಿದೆ.

ಪುಣೆಯಲ್ಲಿ ಲಾಯದ ವಿದ್ಯೆಗೆ ಸಂಸ್ಥೆಯ ರೂಪ ಬಂದುದು 1862ರಲ್ಲಿ, ಸೈನ್ಯದ ಪಶುವೈದ್ಯ ಶಾಲೆಯ ಸ್ಥಾಪನೆಯೊಂದಿಗೆ. ಭಾರತದ ಪಶುವೈದ್ಯ ಶಿಕ್ಷಣದ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುತ್ತಾರೆ. ಮುಂಬಯಿ ಕಾಲೇಜು ಬಂದದ್ದು 1886ರಲ್ಲಿ. ಬ್ರಿಟಿಷ್ ಭಾರತದ ಕುದುರೆದಳಗಳಲ್ಲಿ ದೇಶೀಯ ಅಶ್ವವೈದ್ಯನಿಗೆ ಸಾಲೂತ್ರಿ ಎಂಬ ಹೆಸರೇ ರೂಢಿಯಲ್ಲಿತ್ತು. ಶಾಲಿಹೋತ್ರ ಮುನಿಯ ಹೆಸರು ಸವೆದು ಒಂದು ಹುದ್ದೆಯ ಹೆಸರಾದದ್ದು ಶಬ್ದಚರಿತ್ರೆಯ ದೃಷ್ಟಿಯಿಂದ ಸ್ವಾರಸ್ಯಕರ.

ಇದೇ ನಗರದಲ್ಲಿ ಹಲ್ಲಿನ ಇನ್ನೊಂದು ಅಧಿಕಾರ ಕಳಚಿತು. ಭಾರತದ ಥರೋಬ್ರೆಡ್ ಕುದುರೆಗಳ ವಂಶಾವಳಿಯನ್ನು ದಾಖಲಿಸುವ ಸ್ಟಡ್ ಬುಕ್ ಪ್ರಾಧಿಕಾರದ ಕಚೇರಿ ಪುಣೆಯಲ್ಲಿದೆ. ಹುಟ್ಟು ದಾಖಲಾದ ರೇಸ್ ಕುದುರೆಯ ವಯಸ್ಸನ್ನು ಭಾರತದಲ್ಲಿ ಜನವರಿ 1ರಿಂದ ಎಣಿಸುತ್ತಾರೆ. ಹಲ್ಲಿನ ಸಾಕ್ಷ್ಯ ಯಾರಿಗೂ ಬೇಕಿಲ್ಲ. ದಾಖಲೆಯಾಗಿ ಉಳಿಯಬೇಕಾದ ಹೊರೆ ಇಳಿದ ಮೇಲೆ ಹಲ್ಲು ಬರಿಯ ಹಲ್ಲಾಯಿತು, ಆರೈಕೆಗೆ ಪಾತ್ರವಾಯಿತು. ಜುಲೈಯಿಂದ ಅಕ್ಟೋಬರಿನವರೆಗೆ ಮಳೆಗಾಲದ ಪಂದ್ಯಗಳಿಗೆ ಬರುವ ಎರಡು ಮೂರು ವರ್ಷದ ಕುದುರೆಗಳಿಗೆ ಹಾಲುಹಲ್ಲು ಬೀಳುವ ಕಾಲವೂ ಅದೇ. ಕಡಿವಾಣ ತಾಗುವೆಡೆಯಲ್ಲಿ ಮೂಡುವ ಚಿಕ್ಕ ನಿಷ್ಪ್ರಯೋಜಕ ಹಲ್ಲನ್ನು ಕೀಳಿಸುವುದು ಅಲ್ಲಿ ಮಾಮೂಲಿನ ಕೆಲಸ.

ಪುಣೆಯ ಇನ್ನೊಂದು ಕುದುರೆಗೆ ಈ ಭಾಗ್ಯವಿಲ್ಲ. ಭೀಮಾಶಂಕರದಲ್ಲಿ ಹುಟ್ಟಿ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾಯ್ದು ಕೃಷ್ಣೆಯನ್ನು ಸೇರುವ ಭೀಮೆಯ ದಡದ ಭೀಮಥಡಿ ತಟ್ಟು ಮರಾಠ ದಂಡಿನ ಬೆನ್ನೆಲುಬಾಗಿತ್ತು. ಇತ್ತೀಚೆಗೆ ಅದಕ್ಕೆ ಪ್ರತ್ಯೇಕ ತಳಿಯೆಂಬ ಮಾನ್ಯತೆ ದೊರೆತಿದೆ. ಧನಗರರ ಕುರಿಹಿಂಡಿನೊಂದಿಗೆ ಸಾಮಾನು ಹೊತ್ತು ಅಲೆಯುವ ತಟ್ಟು ದಾರಿಯುದ್ದಕ್ಕೂ ಒಣಹುಲ್ಲು ಮೇಯುವುದರಿಂದ ಅದರ ಹಲ್ಲಿಗೆ ಬಯಲೇ ಅರ. ಕಷ್ಟ ಹೆಚ್ಚು ಇರುವುದು ಊರೊಳಗಿನ ಟಾಂಗಾ ಮತ್ತು ಮದುವೆ ಮೆರವಣಿಗೆಯ ಕುದುರೆಗೆ. ಕೆನ್ನೆ ಕೊಯ್ದು ಅದು ತಲೆ ಕೊಡಹಿದರೆ ಮಾಲಿಕನು ಅದನ್ನು ಮೊಂಡುತನವೆಂದು ತಿಳಿದು ಇನ್ನೂ ಬಿರುಸಾದ ಕಡಿವಾಣ ಹಾಕುತ್ತಾನೆ. 1965ರ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಹಿಂಸಾ ನಿವಾರಣಾ ನಿಯಮಗಳು ಮುಳ್ಳಿನ ಕಡಿವಾಣವನ್ನು ನಿಷೇಧಿಸಿವೆ. ಆದರೆ ಆ ಕಡಿವಾಣವನ್ನು ಬೇಡಿಸಿದ ದವಡೆಹಲ್ಲು ಬಾಯೊಳಗೆ ಹಾಗೆಯೇ ಉಳಿಯುತ್ತದೆ. ಈ ಕುದುರೆ ಕೈಬದಲಾದಾಗ ಕೊಳ್ಳುವವನು ಈಗಲೂ ತುಟಿಯೆತ್ತಿ ಬಾಚಿಹಲ್ಲನ್ನು ನೋಡುತ್ತಾನೆ, ವಯಸ್ಸು ಹೇಳುತ್ತಾನೆ, ಬೆಲೆ ಕಟ್ಟುತ್ತಾನೆ. ಬೆರಳನ್ನು ಅದಕ್ಕಿಂತ ಒಳಗೆ ಹಾಕುವುದಿಲ್ಲ.