ಗುಳಿಗೆ ಕಟ್ಟಿದ ವಿದ್ಯಾಲಯ

ಲಂಡನ್ ನಗರದಿಂದ ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಮೈಲಿ ಹೋದರೆ ಎಗಮ್ ಎಂಬ ಊರು ಸಿಗುತ್ತದೆ. ಅಲ್ಲಿನ ದಿಣ್ಣೆಯ ಮೇಲೆ ಕೆಂಪು ಇಟ್ಟಿಗೆಯ ಒಂದು ಭವ್ಯ ಸೌಧವಿದೆ. ಗೋಪುರಗಳು, ಕಮಾನುಗಳು, ಎರಡು ವಿಶಾಲವಾದ ಅಂಗಳಗಳು. ಮೊದಲ ಸಲ ನೋಡಿದವರಿಗೆ ಯಾವುದೋ ದೊರೆಯ ಅರಮನೆಯೆಂದೇ ತೋರಬೇಕು. ಹಾಗೆ ತೋರುವುದರಲ್ಲಿ ತಪ್ಪೇನೂ ಇಲ್ಲ. ಅದರ ನಕ್ಷೆ ಬರೆದ ಕ್ರಾಸ್‌ಲೆಂಡ್ ಎಂಬ ವಾಸ್ತುಶಿಲ್ಪಿ ಫ್ರಾನ್ಸಿನ ಶಾಂಬೋರ್ ಅರಮನೆಯನ್ನೇ ಮಾದರಿಯಾಗಿಟ್ಟುಕೊಂಡಿದ್ದ. 1886ರ ಜೂನ್ 30ರಂದು ವಿಕ್ಟೋರಿಯಾ ರಾಣಿಯೇ ಬಂದು ಅದನ್ನು ಉದ್ಘಾಟಿಸಿದಳು. ಅದು ಹೆಣ್ಣುಮಕ್ಕಳ ಉಚ್ಚ ವಿದ್ಯಾಭ್ಯಾಸಕ್ಕೆಂದು ಕಟ್ಟಿಸಿದ ಕಾಲೇಜು. ಕಟ್ಟಿಸಿದವನು ದೊರೆಯೂ ಅಲ್ಲ, ಜಮೀನುದಾರನೂ ಅಲ್ಲ. ಜೀವಮಾನವಿಡೀ ಗುಳಿಗೆ ಮತ್ತು ಮುಲಾಮು ಮಾರಿದ ಒಬ್ಬ ವ್ಯಾಪಾರಿ. ಅವನ ಹೆಸರು ಥಾಮಸ್ ಹಾಲೊವೆ.

ಒಂದು ಗುಳಿಗೆಯಿಂದ ಇಷ್ಟು ದೊಡ್ಡ ಸೌಧ ಹೇಗೆ ಎದ್ದಿತು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಒಂದು ವಿಚಿತ್ರ ಅಧ್ಯಾಯ ನಮ್ಮೆದುರು ತೆರೆದುಕೊಳ್ಳುತ್ತದೆ. ಅದು ಔಷಧದ ಚರಿತ್ರೆಯೆನ್ನುವುದಕ್ಕಿಂತ ಹೆಚ್ಚಾಗಿ ಮಾತಿನ ಚರಿತ್ರೆ.

ಹಾಲೊವೆ ಹುಟ್ಟಿದ್ದು 1800ರಲ್ಲಿ, ಡೆವನ್‌ಪೋರ್ಟ್ ಎಂಬ ಬಂದರಿನಲ್ಲಿ. ವೈದ್ಯಶಾಸ್ತ್ರವನ್ನು ಅವನು ಓದಿದವನಲ್ಲ. ಲಂಡನ್ನಿನಲ್ಲಿ ವಿದೇಶೀ ವರ್ತಕರ ದಲ್ಲಾಳಿಯಾಗಿದ್ದಾಗ ಇಟಲಿಯ ಆಲ್ಬಿನೋಲೊ ಎಂಬ ಒಬ್ಬ ಮುಲಾಮಿನ ವ್ಯಾಪಾರಿಯ ಪರಿಚಯವಾಯಿತು. ಸ್ವಲ್ಪ ಕಾಲದಲ್ಲಿಯೇ, 1837ರಲ್ಲಿ, ಅಂದರೆ ವಿಕ್ಟೋರಿಯಾ ಪಟ್ಟವೇರಿದ ವರ್ಷವೇ, ಹಾಲೊವೆಯ ಸ್ವಂತ ಮುಲಾಮು ಪೇಟೆಗೆ ಬಂದಿತು. ಅದರ ಹಿಂದೆಯೇ ಗುಳಿಗೆಯೂ ಬಂದಿತು. ಮೊದಲ ಮುಲಾಮನ್ನು ಅವನು ತಾಯಿಯ ಅಡುಗೆಮನೆಯ ಪಾತ್ರೆಯಲ್ಲಿ ಕುದಿಸಿದನೆಂದು ಪ್ರತೀತಿ. ಪಾತ್ರೆ ಯಾವುದಾದರೇನು, ಅವನು ನಿಜವಾಗಿ ಬಂಡವಾಳ ಹೂಡಿದ್ದು ಪತ್ರಿಕೆಗಳ ಅಂಕಣಗಳಲ್ಲಿ. ಮೊದಮೊದಲು ಜಾಹೀರಾತಿನ ಸಾಲವೇ ಕುತ್ತಿಗೆಗೆ ಬಂದು, ಸಾಲಗಾರರ ಸೆರೆಮನೆಯನ್ನೂ ಅವನು ಕಂಡುಬಂದ. ಆದರೂ ಪಾಠ ಕಲಿಯಲಿಲ್ಲ. ಅಥವಾ ಬೇರೆಯವರು ಕಲಿಯದ ಪಾಠವನ್ನು ಕಲಿತ. 1842ರಲ್ಲಿ ಅವನು ಜಾಹೀರಾತಿಗೆ ಮಾಡಿದ ವೆಚ್ಚ 5,000 ಪೌಂಡ್. 1855ರ ಹೊತ್ತಿಗೆ ಅದು 30,000 ಪೌಂಡಾಯಿತು. ಬದುಕಿನ ಕೊನೆಯ ವರ್ಷಗಳಲ್ಲಿ 50,000 ಪೌಂಡಿನ ಸಮೀಪಕ್ಕೆ ಏರಿತು. ಗುಳಿಗೆ ಸೇವಿಸುವ ಕ್ರಮವನ್ನು ತಿಳಿಸುವ ಚೀಟಿಗಳು ಚೀನೀ, ತುರ್ಕಿ, ಅರಬ್ಬೀ ಭಾಷೆಗಳಲ್ಲದೆ ನಮ್ಮ ಭಾರತದ ದೇಶಭಾಷೆಗಳಲ್ಲಿಯೂ ಅಚ್ಚಾದವು. ಸಾಮ್ರಾಜ್ಯದ ಹಡಗು ಮುಟ್ಟಿದಲ್ಲೆಲ್ಲ ಹಾಲೊವೆಯ ಡಬ್ಬಿಯೂ ಮುಟ್ಟಿತು.

ಇಂಥ ಮದ್ದುಗಳಿಗೆ ಆಗ 'ಪೇಟೆಂಟ್ ಔಷಧ'ಗಳೆಂದು ಹೆಸರು. ಹೆಸರೇ ಒಂದು ಮರೆಮಾಚಿಕೆ. ಪೇಟೆಂಟ್ ಪಡೆಯಬೇಕಾದರೆ ಮದ್ದಿನಲ್ಲಿ ಏನೇನಿದೆಯೆಂದು ಬಹಿರಂಗಪಡಿಸಬೇಕು. ಗುಟ್ಟೇ ಬಂಡವಾಳವಾದವನು ಅದಕ್ಕೆ ಒಪ್ಪುವನೆ? ಹಾಗಾಗಿ ಇವುಗಳಲ್ಲಿ ಬಹುಪಾಲಿಗೆ ಪೇಟೆಂಟ್ ಇರಲೇ ಇಲ್ಲ. ಇದ್ದದ್ದು ಸರಕಾರದ ಒಂದು ಸುಂಕದ ಚೀಟಿ. ಅಂಥ ಔಷಧಗಳ ಮೇಲೆ 1783ರಿಂದಲೂ ತೆರಿಗೆಯಿತ್ತು. ಒಂದು ಷಿಲಿಂಗಿನ ಡಬ್ಬಿಗೆ ಒಂದೂವರೆ ಪೆನ್ನಿಯ ಸುಂಕ ತೆತ್ತು, ಮುಚ್ಚಳದ ಮೇಲೆ ಮುದ್ರೆಯ ಚೀಟಿ ಅಂಟಿಸಬೇಕಾಗಿತ್ತು. ಆ ಮುದ್ರೆ ತೆರಿಗೆ ಸಂದಾಯವಾದುದರ ಗುರುತು ಮಾತ್ರ. ಆದರೆ ಅಕ್ಷರ ಬಲ್ಲವರೂ ಬಾರದವರೂ ಅದನ್ನು ಸರಕಾರವೇ ಮದ್ದಿಗೆ ಕೊಟ್ಟ ಯೋಗ್ಯತಾಪತ್ರವೆಂದು ಬಗೆದರು. ಮಾರುವವರು ಆ ಭ್ರಮೆಯನ್ನು ಕಳೆಯುವ ಗೊಡವೆಗೆ ಹೋಗಲಿಲ್ಲ. ಬೊಕ್ಕಸಕ್ಕೆ ಹಣ ಬರುತ್ತಿದ್ದುದರಿಂದ ಸರಕಾರಕ್ಕೂ ಅವಸರವಿರಲಿಲ್ಲ.

ಹಾಲೊವೆಗೆ ದಾರಿ ತೋರಿದವನು ಜೇಮ್ಸ್ ಮಾರಿಸನ್. ಸಕಲ ರೋಗಗಳಿಗೂ ಮೂಲ ಒಂದೇ, ಅದು ರಕ್ತದ ಮಾಲಿನ್ಯ. ಸಕಲ ರೋಗಗಳಿಗೂ ಮದ್ದು ಒಂದೇ, ಅದು ತನ್ನ ಸಸ್ಯಮೂಲದ ಗುಳಿಗೆ. ಇದು ಅವನ ಸಿದ್ಧಾಂತ. 1828ರಲ್ಲಿ ಅವನು ಲಂಡನ್ನಿನಲ್ಲಿ ಒಂದು ಮನೆ ಹಿಡಿದು ಅದಕ್ಕೆ 'ಬ್ರಿಟಿಷ್ ಆರೋಗ್ಯ ಮಹಾವಿದ್ಯಾಲಯ' ಎಂಬರ್ಥದ ಹೆಸರಿಟ್ಟ. ಒಂದನೆಯ ಸಂಖ್ಯೆಯ ಗುಳಿಗೆ, ಎರಡನೆಯ ಸಂಖ್ಯೆಯ ಗುಳಿಗೆ ಎಂದು ಎರಡು ಬಗೆ. ಗುಣ ಕಾಣದಿದ್ದರೆ? ಇನ್ನಷ್ಟು ನುಂಗಬೇಕು. ಹೀಗೆ ನುಂಗುತ್ತ ಹೋದ ಕೆಲವರು ಸತ್ತರು. 1836ರಲ್ಲಿ ಒಬ್ಬ ಕಪ್ತಾನನ ಸಾವಿಗೆ ಕಾರಣನಾದನೆಂದು ಈ ಗುಳಿಗೆಯ ಮಾರಾಟಗಾರನೊಬ್ಬ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆಗೆ ಒಳಗಾಗಿ ದಂಡ ತೆತ್ತ. ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಕಾರ್ಲೈಲ್ 1843ರಲ್ಲಿ ಪ್ರಕಟಿಸಿದ 'ಪಾಸ್ಟ್ ಅಂಡ್ ಪ್ರೆಸೆಂಟ್' ಗ್ರಂಥದ ಒಂದು ಅಧ್ಯಾಯಕ್ಕೆ ಈ ಗುಳಿಗೆಯ ಹೆಸರನ್ನೇ ಇಟ್ಟಿದ್ದಾನೆ. ಸಮಾಜದ ವ್ಯಾಧಿಯನ್ನು ಯಾವುದಾದರೊಂದು ಶಾಸನದಿಂದ ಥಟ್ಟನೆ ಗುಣಪಡಿಸಬಹುದೆಂದು ನಂಬುವವರನ್ನು ಹಾಸ್ಯ ಮಾಡಲು ಅವನಿಗೆ ಇದಕ್ಕಿಂತ ಒಳ್ಳೆಯ ಉಪಮೆ ಸಿಗಲಿಲ್ಲ.

ಇಷ್ಟೆಲ್ಲ ಮೋಸವನ್ನು ಜನ ಏಕೆ ಸಹಿಸಿದರು? ಅವರೆಲ್ಲ ಮೂಢರಾಗಿದ್ದರೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಆ ಕಾಲದ ಓದಿದ ವೈದ್ಯನ ಕೈಯಲ್ಲಾದರೂ ಏನಿತ್ತು? ಶತಮಾನದ ಮೊದಲ ಅರ್ಧದಲ್ಲಿ ರಕ್ತ ತೆಗೆಯುವುದು, ಜಿಗಣೆ ಹಚ್ಚುವುದು, ಪಾದರಸದ ಮದ್ದು ಕುಡಿಸುವುದು ಸಾಮಾನ್ಯ ಚಿಕಿತ್ಸೆಗಳಾಗಿದ್ದವು. ಅವನನ್ನು ಮನೆಗೆ ಕರೆಸಿದರೆ ಕೂಲಿಯವನ ಹಲವು ದಿನಗಳ ದುಡಿಮೆ ಹೋಗುತ್ತಿತ್ತು. ಗುಳಿಗೆಯ ಡಬ್ಬಿಯಾದರೋ ಒಂದು ಷಿಲಿಂಗ್ ಒಂದೂವರೆ ಪೆನ್ನಿಗೆ ಬೀದಿಯ ಅಂಗಡಿಯಲ್ಲಿಯೇ ದೊರೆಯುತ್ತಿತ್ತು. ಅದೂ ಅಲ್ಲದೆ ಈ ಗುಳಿಗೆಗಳಲ್ಲಿ ಬಹುಪಾಲಿನ ಜೀವಾಳ ಒಂದೇ: ಲೋಳೆಸರದ ಒಣಗಿಸಿದ ಕಹಿ ರಸ. ಅದು ತೀಕ್ಷ್ಣವಾದ ಭೇದಿಯ ಮದ್ದು. ರೊಟ್ಟಿ, ಆಲೂಗಡ್ಡೆ, ಚಹಾದ ಮೇಲೆ ದಿನ ನೂಕುತ್ತಿದ್ದ ಗಿರಣಿಯ ಜನರಲ್ಲಿ ಮಲಬದ್ಧತೆ ಮನೆಮನೆಯ ವ್ಯಾಧಿ. ಗುಳಿಗೆ ನುಂಗಿದ ಮರುದಿನ ಏನೋ ಒಂದು ನಡೆದೇ ತೀರುತ್ತಿತ್ತು. ಹೊಟ್ಟೆ ಹಗುರಾದಾಗ ಮನಸ್ಸೂ ಹಗುರಾಗುತ್ತದೆ. ತಾನಾಗಿಯೇ ಇಳಿಯಬೇಕಾಗಿದ್ದ ಜ್ವರ ಇಳಿದರೂ ಕೀರ್ತಿ ಗುಳಿಗೆಗೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ನಮ್ಮಲ್ಲಿ ಗಾದೆಯುಂಟು. ಜಾಹೀರಾತು ಬರೆದವನು ಇಂಥ ವೈದ್ಯ. ರೋಗಿ ಏನನ್ನು ಕೇಳಲು ಕಾತರಿಸುತ್ತಿದ್ದನೋ ಅದನ್ನೇ ಅವನು ದಪ್ಪಕ್ಷರದಲ್ಲಿ ಹೇಳಿದ.

ಹೇಳಲು ಸಾಧನಗಳೂ ಕೂಡಿಬಂದವು. ಇಂಗ್ಲೆಂಡಿನಲ್ಲಿ 1853ರಲ್ಲಿ ಜಾಹೀರಾತಿನ ಮೇಲಿನ ಸುಂಕ ರದ್ದಾಯಿತು. 1855ರಲ್ಲಿ ಪತ್ರಿಕೆಗಳ ಮೇಲಿನ ಮುದ್ರಾಶುಲ್ಕ, 1861ರಲ್ಲಿ ಕಾಗದದ ಮೇಲಿನ ಸುಂಕ ಹೋದವು. ಪತ್ರಿಕೆಗಳು ಅಗ್ಗವಾಗಿ ಬಡವರ ಮನೆಯನ್ನು ಹೊಕ್ಕವು. ಅವುಗಳ ಜೊತೆಗೆ ಗುಳಿಗೆಯೂ ಹೊಕ್ಕಿತು. ಈ ಕಾಲದ ಚಕ್ರವರ್ತಿ ಥಾಮಸ್ ಬೀಚಮ್. ಬಾಲ್ಯದಲ್ಲಿ ಕುರಿ ಕಾಯುತ್ತಿದ್ದವನು. ಸಂತೆಗಳಲ್ಲಿ ನಿಂತು ಕೂಗಿ ಗುಳಿಗೆ ಮಾರುತ್ತ, ಕೊನೆಗೆ ಸೇಂಟ್ ಹೆಲೆನ್ಸ್ ಎಂಬ ಊರಿನಲ್ಲಿ ನೆಲೆ ನಿಂತ. ಅವನ ಡಬ್ಬಿಗೆ ಒಂದು ಗಿನಿಯ ಬೆಲೆಯುಂಟು ಎಂಬ ಘೋಷಣೆ 1859ರಲ್ಲಿ ಹುಟ್ಟಿ ನಾಡಿನ ಬಾಯಿಮಾತಾಯಿತು. ಗಿನಿಯೆಂದರೆ ಇಪ್ಪತ್ತೊಂದು ಷಿಲಿಂಗ್. ಮಾರುವ ಬೆಲೆ ಒಂದು ಷಿಲಿಂಗಿಗಿಂತ ತುಸು ಹೆಚ್ಚು. ಕೊಳ್ಳುವವನಿಗೆ ತಾನು ಇಪ್ಪತ್ತು ಷಿಲಿಂಗ್ ಉಳಿಸಿದೆನೆಂಬ ಸಮಾಧಾನ! ಅವನ ಮಗ ಜೋಸೆಫನ ಕಾಲಕ್ಕೆ ದೊಡ್ಡ ಕಾರ್ಖಾನೆಯೇ ಎದ್ದಿತು. ಮೊಮ್ಮಗನಾದ ಇನ್ನೊಬ್ಬ ಥಾಮಸ್ ಬೀಚಮ್ ಇಪ್ಪತ್ತನೆಯ ಶತಮಾನದ ಪ್ರಸಿದ್ಧ ವಾದ್ಯವೃಂದ ನಿರ್ದೇಶಕರಲ್ಲಿ ಒಬ್ಬ. ಇಂಗ್ಲೆಂಡಿನ ಸಂಗೀತಕ್ಕೆ ಹರಿದ ಧಾರೆಯಲ್ಲಿಯೂ ಈ ಗುಳಿಗೆಯ ಹಣವಿತ್ತು.

ಜಾಹೀರಾತಿನ ಮಾತಿಗೆ ಬೆಲೆಯುಂಟೆ ಎಂಬ ಪ್ರಶ್ನೆ ಒಮ್ಮೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ನಮ್ಮ ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಬಲ್ಲ ಕಥೆ ಅದು. ಇನ್‌ಫ್ಲುಯೆಂಜಾ ಹಬ್ಬಿದ್ದ 1891ರಲ್ಲಿ ಒಂದು ಕಂಪೆನಿ 'ಕಾರ್ಬಾಲಿಕ್ ಹೊಗೆಯುಂಡೆ' ಎಂಬ ಸಾಧನವನ್ನು ಮಾರಿತು. ವಿಧಿಪೂರ್ವಕವಾಗಿ ಬಳಸಿಯೂ ರೋಗ ತಗುಲಿದವರಿಗೆ 100 ಪೌಂಡ್ ಕೊಡುವೆವೆಂದೂ ಅದಕ್ಕಾಗಿ ಬ್ಯಾಂಕಿನಲ್ಲಿ 1,000 ಪೌಂಡ್ ಇರಿಸಿರುವೆವೆಂದೂ ಸಾರಿತು. ಕಾರ್ಲಿಲ್ ಎಂಬ ಮಹಿಳೆ ಅದನ್ನು ತಪ್ಪದೆ ಬಳಸಿದಳು. ರೋಗವೂ ತಪ್ಪದೆ ಬಂದಿತು. ಹಣ ಕೇಳಿದಾಗ, ಅದು ಬರಿಯ ಉತ್ಪ್ರೇಕ್ಷೆಯ ಮಾತು, ಬುದ್ಧಿಯಿದ್ದವರು ಅದನ್ನು ನಂಬುವರೆ ಎಂಬ ಧಾಟಿಯಲ್ಲಿ ಕಂಪೆನಿ ವಾದಿಸಿತು. 1892ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿ, ಕೊಟ್ಟ ಮಾತಿನಂತೆ ಹಣ ಕೊಡಬೇಕೆಂದು ತೀರ್ಪಿತ್ತಿತು. ತಾವೇ ಸಾರಿದ ಮಾತನ್ನು ನಂಬಿದವಳೇ ತಪ್ಪಿತಸ್ಥಳು ಎಂಬ ಈ ವಾದವನ್ನು ಮರೆಯಬಾರದು. ಇಡೀ ವ್ಯಾಪಾರದ ಅಂತರಂಗ ಅದರಲ್ಲಿದೆ.

ಎಲ್ಲರೂ ಹೀಗೆ ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ. ಪತ್ರಿಕೆಗಳ ಮೂಲೆಯಲ್ಲಿ 'ಸ್ತ್ರೀಯರ ಗುಳಿಗೆ'ಗಳ ಜಾಹೀರಾತು ಬರುತ್ತಿತ್ತು. ಎಲ್ಲ ಬಗೆಯ 'ಅಡಚಣೆ'ಯನ್ನೂ ನಿವಾರಿಸುವ ಮದ್ದೆಂದು ಅದರ ವರ್ಣನೆ. ಬೇಡದ ಬಸಿರಿನ ಭಯದಲ್ಲಿದ್ದವಳಿಗೆ ಆ ಮಾತಿನ ಅರ್ಥ ತಿಳಿಯುತ್ತಿತ್ತು. ಮದ್ದಿನಿಂದ ಆಕೆಗೆ ಏನೂ ಆಗುತ್ತಿರಲಿಲ್ಲ, ಇಲ್ಲವೆ ಆಗಬಾರದ್ದು ಆಗುತ್ತಿತ್ತು. ಯಾವುದಾದರೂ ದೂರು ಕೊಡುವಂತಿಲ್ಲ, ಏಕೆಂದರೆ ಗರ್ಭಪಾತದ ಯತ್ನವೇ ಅಪರಾಧ. 1898ರಲ್ಲಿ ಲಂಡನ್ನಿನಲ್ಲಿ ಮೂವರು ಸಹೋದರರು ಸಿಕ್ಕಿಬಿದ್ದರು. ಇಂಥ ಗುಳಿಗೆಯನ್ನು ಅಂಚೆಯ ಮೂಲಕ ಮಾರಿ, ಕೊಂಡ ಸಾವಿರಾರು ಹೆಂಗಸರ ವಿಳಾಸಗಳನ್ನು ಇಟ್ಟುಕೊಂಡು, ಎರಡು ಗಿನಿ ಕಳಿಸದಿದ್ದರೆ ಬಯಲಿಗೆಳೆಯುವೆವೆಂದು ಅವರು ಬೆದರಿಕೆಯ ಪತ್ರ ಬರೆದಿದ್ದರು. ಮೂವರಿಗೂ ದೀರ್ಘ ಶಿಕ್ಷೆಯಾಯಿತು. ಆದರೆ ಆ ಪತ್ರ ಒಡೆದು ಓದಿ, ಗಂಡನಿಗೂ ತಿಳಿಸದೆ, ಎರಡು ಗಿನಿಯನ್ನು ಹೊಂದಿಸಲು ಹೆಣಗಿದ ಹೆಂಗಸರ ಕಥೆಯನ್ನು ಯಾವ ನ್ಯಾಯಾಲಯವೂ ಪೂರ್ಣವಾಗಿ ಕೇಳಲಿಲ್ಲ.

ಗುಟ್ಟು ಒಡೆದದ್ದು ವಿಕ್ಟೋರಿಯಾ ಯುಗ ಮುಗಿದ ಮೇಲೆ. 1909ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘವು ಇಂಥ ಮದ್ದುಗಳನ್ನು ರಾಸಾಯನಿಕವಾಗಿ ಪರೀಕ್ಷಿಸಿ 'ಸೀಕ್ರೆಟ್ ರೆಮೆಡೀಸ್' ಎಂಬ ಪುಸ್ತಕವನ್ನು ಹೊರತಂದಿತು. ಗಿನಿಯ ಬೆಲೆಯ ಬೀಚಮ್ ಗುಳಿಗೆಯಲ್ಲಿ ಸಿಕ್ಕಿದ್ದು ಲೋಳೆಸರ, ಶುಂಠಿ, ಸಾಬೂನು. 56 ಗುಳಿಗೆಗಳಿದ್ದ ಡಬ್ಬಿಯ ಸಾಮಗ್ರಿಗೆ ತಗಲುವ ವೆಚ್ಚ ಸುಮಾರು ಅರ್ಧ ಫಾರ್ದಿಂಗ್. ಫಾರ್ದಿಂಗ್ ಎಂದರೆ ಪೆನ್ನಿಯ ಕಾಲು ಭಾಗ. ಲೆಕ್ಕ ಹಾಕಿ ನೋಡಿದರೆ ಸುಂಕವೂ ಸೇರಿ ಗಿರಾಕಿ ತೆರುತ್ತಿದ್ದುದು ಅದರ ನೂರೆಂಟರಷ್ಟು. ನಮ್ಮ ಜಪಮಾಲೆಯ ಮಣಿಗಳಷ್ಟು! ಅದರಲ್ಲಿ ಒಂದು ಮಣಿ ಮದ್ದಿನದು. ಉಳಿದವು ಸುಂಕದವು, ಅಂಗಡಿಯವನವು, ಲಾಭದವು ಮತ್ತು ಮಾತಿನವು. ಹಲವು ಪತ್ರಿಕೆಗಳು ಈ ಪುಸ್ತಕದ ಜಾಹೀರಾತನ್ನೇ ಪ್ರಕಟಿಸಲು ನಿರಾಕರಿಸಿದವು. ಗುಳಿಗೆಯ ಹಣದಿಂದ ನಡೆಯುತ್ತಿದ್ದ ಪತ್ರಿಕೆ ಗುಳಿಗೆಯ ವಿರುದ್ಧ ಬಾಯಿ ತೆರೆಯುವುದು ಹೇಗೆ? 1912ರಲ್ಲಿ ಪಾರ್ಲಿಮೆಂಟು ಒಂದು ಸಮಿತಿಯನ್ನು ನೇಮಿಸಿತು. ಅದು ಎರಡು ವರ್ಷ ಸಾಕ್ಷ್ಯ ಕೇಳಿ, ಕಟುವಾದ ವರದಿಯನ್ನು ಬರೆಯಿತು. ವರದಿ ಹೊರಬಂದ ದಿನ 1914ರ ಆಗಸ್ಟ್ 4. ಬ್ರಿಟನ್ ಮಹಾಯುದ್ಧಕ್ಕೆ ಇಳಿದ ದಿನ. ಯಾರು ಓದುತ್ತಾರೆ? ಡಬ್ಬಿಯೊಳಗೆ ಏನಿದೆಯೆಂದು ಅದರ ಮೇಲೆ ತಿಳಿಸಬೇಕೆಂಬ ಕಟ್ಟಳೆ ಅಲ್ಲಿ ಬರಲು 1941 ಆಗಬೇಕಾಯಿತು. ಪವಾಡದ ಮದ್ದುಗಳ ಜಾಹೀರಾತನ್ನು ತಡೆಯುವ ಕಾನೂನು ನಮ್ಮ ದೇಶದಲ್ಲಿ ಬಂದದ್ದು 1954ರಲ್ಲಿ.

ಇಲ್ಲಿ ಒಂದು ಕಾದಂಬರಿ ನೆನಪಾಗುತ್ತದೆ. ಜಾರ್ಜ್ ಎಲಿಯಟ್ 1866ರಲ್ಲಿ ಬರೆದ 'ಫೀಲಿಕ್ಸ್ ಹೋಲ್ಟ್'. ಅದರ ನಾಯಕನ ತಂದೆ ಇಂಥ ಗುಟ್ಟಿನ ಮದ್ದುಗಳನ್ನು ಮಾಡಿಟ್ಟು ಸತ್ತಿದ್ದಾನೆ. ವಿಧವೆ ತಾಯಿ ಅವನ್ನು ಮಾರಿ ಬದುಕುತ್ತಿದ್ದಾಳೆ. ಮದ್ದಿನ ಸಂಗತಿಯನ್ನು ಕಲಿತುಬಂದ ಮಗ, ಅದು ನಿಷ್ಪ್ರಯೋಜಕ ಮಾತ್ರವಲ್ಲ, ಕೇಡು ಕೂಡ ಎಂದು ತಿಳಿದು ಮಾರಾಟವನ್ನು ನಿಲ್ಲಿಸಿ, ಗಡಿಯಾರ ರಿಪೇರಿ ಮಾಡಿ ತಾಯಿಯನ್ನು ಸಾಕುತ್ತಾನೆ. ತಾಯಿಗೆ ಅದು ಅರ್ಥವಾಗುವುದಿಲ್ಲ. ಗಂಡನ ನೆನಪು, ದೇವರು ಕೊಟ್ಟ ಅನ್ನ, ಎರಡನ್ನೂ ಮಗ ಒದ್ದನೆಂದು ಆಕೆಯ ಗೋಳು. ಹಾಲೊವೆಯ ಸೌಧ ಏಳುವ ಮೊದಲೇ ಎಲಿಯಟ್ ಕೇಳಬೇಕಾದ ಪ್ರಶ್ನೆಯನ್ನು ಕೇಳಿಬಿಟ್ಟಿದ್ದಳು.

ಆ ಪ್ರಶ್ನೆಯನ್ನು ಎಗಮ್ಮಿನ ದಿಣ್ಣೆಯ ಮೇಲೆ ನಿಂತು ಕೇಳಿಕೊಂಡರೆ ಉತ್ತರ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. 1875ರಲ್ಲಿ ತೀರಿಕೊಂಡ ಹೆಂಡತಿ ಜೇನಳ ನೆನಪಿಗಾಗಿ ಹಾಲೊವೆ ಆ ಕಾಲೇಜನ್ನು ಕಟ್ಟಿಸಿದ. ಅದು ಪೂರ್ಣವಾಗುವುದನ್ನು ನೋಡಲು ಅವನು ಉಳಿಯಲಿಲ್ಲ. 1883ರ ಡಿಸೆಂಬರಿನಲ್ಲಿ ಕಣ್ಣು ಮುಚ್ಚಿದ. 1887ರಲ್ಲಿ 28 ಹೆಣ್ಣುಮಕ್ಕಳು ಅಲ್ಲಿ ಓದಲು ಬಂದರು. ಹೆಣ್ಣಿಗೆ ವಿಶ್ವವಿದ್ಯಾಲಯದ ಬಾಗಿಲು ಆಗಷ್ಟೇ ತುಸು ತೆರೆದಿದ್ದ ಕಾಲವದು. ನೆಯ್ಗೆಯವಳು, ಮನೆಗೆಲಸದವಳು, ಗಣಿ ಕೂಲಿಯ ಹೆಂಡತಿ ತಮ್ಮ ಷಿಲಿಂಗನ್ನು ಕೊಟ್ಟದ್ದು ಆರೋಗ್ಯಕ್ಕಾಗಿ. ಅವರಿಗೆ ಅದು ದೊರೆಯಲಿಲ್ಲ. ಅದೇ ಷಿಲಿಂಗುಗಳು ಕೂಡಿಕೊಂಡು ಇನ್ನಾರದೋ ಹೆಣ್ಣುಮಕ್ಕಳಿಗೆ ವಿದ್ಯೆಯಾಗಿ ದೊರೆತವು. ದಾನಿಯ ಹೆಸರು ಕಾಲೇಜಿಗೆ ಇಂದಿಗೂ ಇದೆ. ಕೊಟ್ಟವರ ಹೆಸರು ಎಲ್ಲಿಯೂ ಇಲ್ಲ. ಕೆಂಪು ಇಟ್ಟಿಗೆಯ ಆ ಗೋಡೆಗಳನ್ನು ನೋಡುವವರು ಹಾಲೊವೆಯ ಜೊತೆಗೆ ಆ ಹೆಸರಿಲ್ಲದ ದಾನಿಗಳನ್ನೂ ಒಂದು ಗಳಿಗೆ ನೆನೆದರೆ, ಸಂದ ಸಾಲದಲ್ಲಿ ಒಂದು ಫಾರ್ದಿಂಗಾದರೂ ತೀರಿದಂತೆ.