ಮನೆಯ ಬೇಕಿಂಗ್: ಕರ್ನಾಟಕ ಮತ್ತು ಪುಣೆ ಸೀಮೆಯಲ್ಲಿ ಅದರ ಚರಿತ್ರೆ

ಮನೆಯ ಬೇಕಿಂಗ್: ಹಿಟ್ಟು, ಬೆಲ್ಲ ಅಥವಾ ಸಕ್ಕರೆ, ತುಪ್ಪ ಅಥವಾ ಬೆಣ್ಣೆ ಕಲಸಿ, ಎಣ್ಣೆಯಲ್ಲಿ ಕರಿಯದೆ, ಹಬೆಯಲ್ಲಿಡದೆ, ಒಣ ಶಾಖದಲ್ಲಿ ಸಿಹಿ ತಿನಿಸು ಬೇಯಿಸುವ ಗೃಹವಿದ್ಯೆ. ಕೇಕು, ಬಿಸ್ಕತ್ತು, ನಾನ್‌ಖಟಾಯಿ, ಹಣ್ಣಿನ ಪೈ ಇದರ ಈಗಿನ ರೂಪಗಳು. ಕರ್ನಾಟಕದಲ್ಲೂ ಪುಣೆ ಸೀಮೆಯಲ್ಲೂ ಈ ವಿದ್ಯೆ ಎರಡು ದಾರಿಗಳಿಂದ ಬೆಳೆದಿದೆ. ಓವನ್ ಎಂಬುದನ್ನೇ ಕಾಣದ ಮನೆಗಳಲ್ಲಿ ಕೆಂಡ, ಮಡಕೆ, ಮುಚ್ಚಳಗಳಿಂದಲೇ ನಡೆದುಬಂದ ಪದ್ಧತಿ ಮೊದಲನೆಯದು. ಪೋರ್ಚುಗೀಸರು, ಬ್ರಿಟಿಷರು, ಇರಾನಿ ಬೇಕರಿಯವರು ತಂದದ್ದು ಎರಡನೆಯದು. ಬೇಕರಿಗಳ ಕಥೆ ಅಲ್ಲಲ್ಲಿ ದಾಖಲಾಗಿದೆ, ಅಡುಗೆಮನೆಯ ಕಥೆ ದಾಖಲಾದದ್ದು ಬಹಳ ಕಡಿಮೆ. ಕೇಕು ಸಾಹೇಬರ ಜೊತೆ ಬಂದಿತು, ಅದಕ್ಕೂ ಮುಂಚೆ ನಮ್ಮಲ್ಲಿ ಏನೂ ಇರಲಿಲ್ಲ ಎಂಬ ತಿಳಿವಳಿಕೆ ಬೇರೂರಿರುವುದಕ್ಕೆ ಇದೂ ಒಂದು ಕಾರಣ. ಆ ತಿಳಿವಳಿಕೆ ಸರಿಯಲ್ಲ.

ಕೆಂಡ ಮತ್ತು ಮಡಕೆ

ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' 12ನೇ ಶತಮಾನದ್ದು. ಅದರ ಅನ್ನಭೋಗ ಭಾಗದಲ್ಲಿ ಮಂಡಕ ಎಂಬ ತಿನಿಸಿನ ವಿವರಣೆಯಿದೆ. ಗೋಧಿಯ ಕಣಕವನ್ನು ತೆಳ್ಳಗೆ ಹಿಗ್ಗಿಸಿ ಕಾದ ಮಡಕೆಯ ಮೇಲೆ ಬೇಯಿಸುವ ಈ ತಿನಿಸಿನ ಸಂತತಿಯೇ ಬೆಳಗಾವಿಯ ಮಂಡಿಗೆ. ಇಂದಿಗೂ ಅಲ್ಲಿನ ಮದುವೆ ಮನೆಗಳಲ್ಲಿ ಕಣಕದೊಳಗೆ ಸಕ್ಕರೆ ಪುಡಿ, ತುಪ್ಪ, ಏಲಕ್ಕಿಯ ಹೂರಣ ತುಂಬಿ, ಲಟ್ಟಿಸಿ, ಕೈಮೇಲೆ ಹಿಗ್ಗಿಸುತ್ತಾ ಬೋರಲು ಹಾಕಿದ ಬಾಣಲೆಯ ಮೇಲೆ ಹರಡುತ್ತಾರೆ. ಬಿಸಿ ಆರುವ ಮೊದಲೇ ಮಡಿಸಬೇಕು, ತಡವಾದರೆ ಹಪ್ಪಳದಂತೆ ಮುರಿಯುತ್ತದೆ. ಮನಸ್ಸಿನಲ್ಲೇ ಮಂಡಿಗೆ ತಿನ್ನುವ ಮಾತು ಕನ್ನಡದಲ್ಲಿರುವಂತೆ ಮರಾಠಿಯಲ್ಲೂ ಇದೆ. ಹೂರಣ ತುಂಬಿದ ಮಾಂಡೆ ಖಾನದೇಶದ ಹಬ್ಬದೂಟದಲ್ಲಿ ಈಗಲೂ ಮುಖ್ಯ. ಕೃಷ್ಣೆಯ ಎರಡೂ ದಡಗಳಲ್ಲಿ ಈ ತಿನಿಸು ಒಂದೇ ಪರಂಪರೆಗೆ ಸೇರಿದ್ದು ಎಂಬುದರಲ್ಲಿ ಅನುಮಾನವಿಲ್ಲ.

ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ. ಟಿ. ಅಚ್ಚಯ್ಯ ಕನ್ನಡ ನಾಡಿನ ಹಳೆಯ ರೊಟ್ಟಿಗಳನ್ನು ಪಟ್ಟಿ ಮಾಡುವಾಗ ಮುಚ್ಚಳ ರೊಟ್ಟಿಯನ್ನು ಹೆಸರಿಸಿದ್ದಾರೆ. ಎರಡು ತಟ್ಟೆಗಳ ನಡುವೆ ಹಿಟ್ಟನ್ನಿಟ್ಟು, ಕೆಳಗೂ ಮೇಲೂ ಕೆಂಡ ಹಾಕಿ ಬೇಯಿಸುವ ರೊಟ್ಟಿ ಇದು. ಓವನ್ ಮಾಡುವ ಕೆಲಸವೂ ಇಷ್ಟೇ: ಎಲ್ಲ ಕಡೆಯಿಂದ ಒಣ ಶಾಖ ಕೊಟ್ಟು, ತೇವವನ್ನು ನಿಧಾನವಾಗಿ ಹೊರಗೆ ಬಿಡುವುದು.

ಈ ಮೇಲು-ಕೆಳಗಿನ ಕೆಂಡದ ಪದ್ಧತಿ ಸಿಹಿ ತಿನಿಸಿನಲ್ಲಿ ಹೇಗೆ ಬೆಳೆಯಿತು ಎಂಬುದಕ್ಕೆ ಕಾರವಾರದಿಂದ ಕೊಂಕಣದವರೆಗೆ ಮಳೆಗಾಲದಲ್ಲಿ ಮಾಡುವ ಸೌತೆಕಾಯಿಯ ಸಿಹಿ ಒಳ್ಳೆಯ ಉದಾಹರಣೆ. ಕಾರವಾರ, ಗೋವೆಯ ಕಡೆ ಇದು ತವ್ಸಾಳಿ, ಮಹಾರಾಷ್ಟ್ರದ ಕೊಂಕಣದಲ್ಲಿ ಧೋಂಡಸ. ಬಳ್ಳಿಯಲ್ಲೇ ಬಲಿತು ಹಳದಿಗೆ ತಿರುಗಿದ ದಪ್ಪ ಸೌತೆಕಾಯಿಯ ತಿರುಳು ತೆಗೆದು, ತುರಿದು, ಹುರಿದ ಅಕ್ಕಿ ರವೆ, ಬೆಲ್ಲ, ತೆಂಗಿನ ತುರಿಯ ಜೊತೆ ಕಾಯಿಯ ನೀರಿನಲ್ಲೇ ಬೇಯಿಸಿಕೊಳ್ಳುತ್ತಾರೆ. ಆಮೇಲೆ ತುಪ್ಪ ಸವರಿದ ದಪ್ಪ ತಳದ ಪಾತ್ರೆಗೆ ಸುರಿದು, ಒಲೆಯ ಉರಿಯನ್ನೆಳೆದು ಕೆಂಡ ಮಾತ್ರ ಉಳಿಸಿ, ಮುಚ್ಚಳದ ಮೇಲೂ ಕೆಂಡ ಹರಡುತ್ತಾರೆ. ಅಂಚು ಪಾತ್ರೆ ಬಿಟ್ಟು ಕಂದು ಬಣ್ಣಕ್ಕೆ ತಿರುಗಿದಾಗ ಪಾಕ ಮುಗಿದಂತೆ. ಮೊಟ್ಟೆಯಿಲ್ಲ, ಸೋಡಾ ಇಲ್ಲ. ಆದರೂ ಕತ್ತರಿಸಿದರೆ ಕೇಕಿನಂತೆಯೇ ತುಂಡು ಬೀಳುತ್ತದೆ. ಗ್ಯಾಸ್ ಒಲೆ ಬಂದ ಮೇಲೆ ಅನೇಕ ಮನೆಗಳಲ್ಲಿ ಇದು ಇಡ್ಲಿಯಂತೆ ಹಬೆಯ ತಿನಿಸಾಯಿತು. ರುಚಿಯಲ್ಲಿ ಅದು ನಷ್ಟವೇ, ಏಕೆಂದರೆ ಬೆಲ್ಲ ಒಣ ಶಾಖಕ್ಕೆ ಕರಗಿ ಕಂದಿದಾಗ ಬರುವ ಸುವಾಸನೆ ಹಬೆಯಲ್ಲಿ ಬರಲಾರದು.

ಮಲೆನಾಡಿನ ತೊಡದೇವು ಇನ್ನೊಂದು ಬಗೆ. ಶಿರಸಿ, ಸಿದ್ದಾಪುರ, ಸಾಗರದ ಕಡೆ ಆಲೆಮನೆ ನಡೆಯುವ ಚಳಿಗಾಲದಲ್ಲಿ ಅಕ್ಕಿಯನ್ನು ನೆನೆಸಿ ನುಣ್ಣಗೆ ರುಬ್ಬಿ, ಕಬ್ಬಿನ ಹಾಲು ಇಲ್ಲವೆ ಬೆಲ್ಲ ಸೇರಿಸಿ ನೀರಾಗಿ ಕಲಸುತ್ತಾರೆ. ಒಲೆಯ ಮೇಲೆ ಬೋರಲಿಟ್ಟ ಮಡಕೆಗೆ, ಹಿಟ್ಟಿನಲ್ಲಿ ಅದ್ದಿದ ಬಟ್ಟೆಯ ಪಟ್ಟಿಯಿಂದ ಒಂದೇ ಸಲ ತೊಡೆದರೆ ಕ್ಷಣದಲ್ಲಿ ಕಾಗದದಷ್ಟು ತೆಳುವಾದ ಪದರ ಏಳುತ್ತದೆ. ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡದು.

ಇಷ್ಟಾದರೂ ನಮ್ಮ ಮನೆಗಳಲ್ಲಿ ಗೂಡುಒಲೆ, ಅಂದರೆ ಒಳಗಿಟ್ಟು ಬೇಯಿಸುವ ಭಟ್ಟಿ ಬೆಳೆಯಲಿಲ್ಲ. ಇಟ್ಟಿಗೆಯ ಭಟ್ಟಿ ಹದಕ್ಕೆ ಬರಲು ಗಂಟೆಗಟ್ಟಲೆ ಸೌದೆ ಉರಿಸಬೇಕು. ನಾಲ್ಕೈದು ಜನರ ಮನೆಗೆ ಅದು ಪೂರೈಸುವ ಲೆಕ್ಕವಲ್ಲ. ದಿನದ ಊಟ ಅನ್ನ, ಮುದ್ದೆ, ರೊಟ್ಟಿ. ಯಾವುದಕ್ಕೂ ಭಟ್ಟಿ ಬೇಡ. ಮೇಲಾಗಿ ಮೊಟ್ಟೆ ಮತ್ತು ಹುಳಿಹೆಂಡ ಬಳಸುವ ಬೇಕರಿಯ ಪದಾರ್ಥವನ್ನು ಮಡಿವಂತ ಮನೆಗಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ಹಬ್ಬದ ಸಿಹಿಯ ಮುಖ್ಯ ಪ್ರವಾಹ ಕರಿಯುವ ಕಡೆಗೆ, ಹಬೆಯ ಕಡೆಗೆ ಹರಿಯಿತು. ಪಶ್ಚಿಮದ ಹಣ್ಣಿನ ಪೈ ಮಾಡುವ ಕೆಲಸವನ್ನು ಇಲ್ಲಿ ದೀಪಾವಳಿಯ ಕರ್ಜಿಕಾಯಿ, ಕರಾವಳಿಯ ಹಲಸಿನ ಹಣ್ಣಿನ ಕಡುಬು ಮಾಡುತ್ತಿದ್ದವು. ಪೈ ಇಂದಿಗೂ ಇಲ್ಲಿ ಬೇರೂರದಿರಲು ಹವೆಯೂ ಕಾರಣ: ಅದರ ಹೊದಿಕೆ ಪದರಪದರವಾಗಿ ಬರಬೇಕಾದರೆ ಕಲಸುವಾಗ ಬೆಣ್ಣೆ ಗಟ್ಟಿಯಾಗಿರಬೇಕು.

ಕ್ರಿಸ್‌ಮಸ್ಸಿನ ತಟ್ಟೆ

ಗೋವೆಯಿಂದ 16ರಿಂದ 18ನೇ ಶತಮಾನದವರೆಗೆ ಕೆನರಾ ಕರಾವಳಿಗೆ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರು ಮಂಗಳೂರಿನಲ್ಲಿ ಬೆಳೆಸಿದ ಕುಸ್ವಾರ್, ಕರ್ನಾಟಕದ ಋತುಮಾನದ ಸಿಹಿಗಳಲ್ಲಿ ಅತ್ಯಂತ ಅಚ್ಚುಕಟ್ಟಾದ ಪರಂಪರೆ. ನೆವ್ರ್ಯೊ, ಕಿಡಿಯೊ, ಗುಳಿಯೊ, ಗುಲಾಬಿ ಹೂವಿನಾಕಾರದ ಕೊಕ್ಕಿಸಾಂ, ತುಕ್ಡಿ, ಎಳ್ಳುಂಡೆ, ಪೇರಳೆ ಹಣ್ಣಿನ ಹಲ್ವ, ಜೊತೆಗೆ ಕೇಕು: ಇವೆಲ್ಲ ಒಂದೇ ತಟ್ಟೆಯಲ್ಲಿ, ಕ್ರೋಶಾ ಬಟ್ಟೆ ಮುಚ್ಚಿ, ಹಿಂದೂ ಮುಸ್ಲಿಂ ನೆರೆಮನೆಗಳಿಗೂ ಹೋಗುತ್ತವೆ. ತಟ್ಟೆಯ ಬಹುಪಾಲು ಕರಿದದ್ದೇ ಎಂಬುದನ್ನು ಗಮನಿಸಬೇಕು. ಯುರೋಪಿನ ಹಬ್ಬ ಇಲ್ಲಿಯ ಎಣ್ಣೆ ಬಾಣಲೆಗೆ ಒಗ್ಗಿಕೊಂಡ ಬಗೆ ಅದು. ಬೇಯಿಸುವ ಕೇಕಿಗೆ ಮಾತ್ರ ಹಳೆಯ ಮನೆಗಳಲ್ಲಿ ಅದೇ ಮೇಲು-ಕೆಳಗಿನ ಕೆಂಡ. ಸೌದೆಗಿಂತ ತೆಂಗಿನ ಚಿಪ್ಪು, ನಾರಿನ ಕೆಂಡಕ್ಕೆ ಬೆಲೆ ಹೆಚ್ಚು. ಒಣದ್ರಾಕ್ಷಿ, ಗೋಡಂಬಿ, ಕಿತ್ತಳೆ ಸಿಪ್ಪೆಯನ್ನು ವಾರಗಟ್ಟಲೆ ರಮ್‌ನಲ್ಲಿ ನೆನೆಸುವುದು, ಕಪ್ಪು ಬಣ್ಣಕ್ಕಾಗಿ ಸಕ್ಕರೆಯನ್ನು ಕರಿಕಾಗುವ ಅಂಚಿಗೆ ತಂದು ನೀರು ಹಾಕಿ ಪಾಕ ಮಾಡುವುದು ಮನೆಯ ಹಿರಿಯ ಹೆಂಗಸಿನ ಕೆಲಸ. ಇಸಿದೋರ್ ಕೊಯೆಲ್ಹೊ ಅವರ 'ದ ಶೆಫ್' ಎಂಬ ಅಡುಗೆ ಪುಸ್ತಕ ಈ ಸಮುದಾಯದ ಮನೆಮನೆಯಲ್ಲಿ ಬಳಕೆಯಾಯಿತು.

ಕಾಸರಗೋಡಿನಿಂದ ದಕ್ಷಿಣಕ್ಕಿರುವ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು 1880ರಲ್ಲಿ ಬಿಸ್ಕತ್ತು ಕಾರ್ಖಾನೆ ತೆರೆದರು. 1883ರ ಕ್ರಿಸ್‌ಮಸ್ಸಿಗೆ ಅಂಜರಕಂಡಿ ತೋಟದ ಬ್ರೌನ್ ಸಾಹೇಬರು ಇಂಗ್ಲೆಂಡಿನಿಂದ ತಂದ ಪ್ಲಮ್ ಕೇಕ್ ತೋರಿಸಿ, ಅದರಂತೆ ಮಾಡಿಕೊಡಲು ಕೇಳಿದರೆಂದೂ, ಬಾಪು ಸ್ಥಳೀಯ ಮದ್ಯ, ಸ್ಥಳೀಯ ಮಸಾಲೆಗಳಿಂದಲೇ ಮಾಡಿಕೊಟ್ಟರೆಂದೂ ಪ್ರಸಿದ್ಧಿಯಿದೆ. ಭಾರತೀಯನೊಬ್ಬನ ಕೈಯ ಮೊದಲ ಕ್ರಿಸ್‌ಮಸ್ ಕೇಕ್ ಎಂದು ಇದನ್ನು ಸಾಮಾನ್ಯವಾಗಿ ಎಣಿಸುತ್ತಾರೆ.

ಬೆಂಗಳೂರು ದಂಡು 1809ರಲ್ಲಿ ನೆಲೆಗೊಂಡ ಮೇಲೆ ಅಲ್ಲಿನ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ, 1880ರ ನಂತರ ಚಿನ್ನದ ಗಣಿಯ ಊರಾದ ಕೋಲಾರ ಗೋಲ್ಡ್ ಫೀಲ್ಡ್ಸ್‌ನಲ್ಲಿ ಇನ್ನೊಂದು ಪದ್ಧತಿ ಬೆಳೆಯಿತು. ಹಿಟ್ಟು ಕಲಸುವುದು ಮನೆಯಲ್ಲಿ, ಬೇಯಿಸುವುದು ಬಡಾವಣೆಯ ಬೇಕರಿಯಲ್ಲಿ. ಡಿಸೆಂಬರ್ ಬಂತೆಂದರೆ ಹೆಸರಿನ ಚೀಟಿ ಅಂಟಿಸಿದ ಕೇಕ್ ಪಾತ್ರೆಗಳು ಬೇಕರಿಯ ಮುಂದೆ ಸಾಲುಗಟ್ಟುತ್ತಿದ್ದವು. ಗಣಿ ಊರಿನ ಈ ಅಡುಗೆಯನ್ನು ಬ್ರಿಜೆಟ್ ವೈಟ್-ಕುಮಾರ್ ತಮ್ಮ ಪುಸ್ತಕಗಳಲ್ಲಿ ವಿವರವಾಗಿ ಬರೆದಿಟ್ಟಿದ್ದಾರೆ.

ಬೇಕರಿಯನ್ನು ಸಸ್ಯಾಹಾರಿ ಮನೆಗಳ ಬಾಗಿಲಿಗೆ ತಂದವರು ಹಾಸನದ ಕಡೆಯ ಅಯ್ಯಂಗಾರರು. ಎಚ್. ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಬಿ. ಬಿ. ಬೇಕರಿ ಈ ಸಾಲಿನ ಮೊದಲನೆಯದು. ಕೊಬ್ಬರಿ, ಟೂಟಿಫ್ರೂಟಿ ತುಂಬಿದ ದಿಲ್‌ಪಸಂದ್ ಕನ್ನಡಿಗರು ನಿಜವಾಗಿ ಮೆಚ್ಚಿದ ಪೈ ಎನ್ನಬಹುದು. ಮೊಟ್ಟೆಯಿಲ್ಲದ ಕೇಕು ತಿನ್ನಬಹುದಾದರೆ ಮನೆಯಲ್ಲೂ ಮಾಡಬಹುದು ಎಂಬ ಧೈರ್ಯ ಬಂದದ್ದು ಈ ಅಂಗಡಿಗಳಿಂದ. 1970ರ ದಶಕದ ಮಧ್ಯದಿಂದ ಬೆಂಗಳೂರಿನಲ್ಲಿ ಕ್ರಿಸ್‌ಮಸ್ ವೇಳೆಗೆ ನಡೆಯುತ್ತಿರುವ ವಾರ್ಷಿಕ ಕೇಕ್ ಪ್ರದರ್ಶನ ಸಕ್ಕರೆಯ ಅಲಂಕಾರ ಕಲೆಗೆ ಮೆರುಗು ಕೊಟ್ಟಿತು.

ಪುಣೆಯ ಭಟ್ಟಿಗೆ ಹೊತ್ತುಕೊಂಡು ಹೋದದ್ದು

ಬೇಕರಿಯಲ್ಲಿ ಬೇಯಿಸಿಕೊಂಡು ಬರುವ ಗಣಿ ಊರಿನ ಪದ್ಧತಿಯ ಜೋಡಿ ಪುಣೆಯಲ್ಲಿದೆ, ಅದೂ ಮಧ್ಯಮವರ್ಗದ ಮರಾಠಿ ಮನೆಗಳಲ್ಲಿ. ನಾನ್‌ಖಟಾಯಿಯ ಮೂಲ ಸೂರತ್ತಿನ ಡಚ್ಚರ ಬೇಕರಿಯಲ್ಲಿ ಎನ್ನುತ್ತಾರೆ. ಡಚ್ಚರು ಹೋದ ಮೇಲೆ ಅವರ ಭಟ್ಟಿಯನ್ನು ಪಾರ್ಸಿ ದೋತಿವಾಲಾ ಮನೆತನ ಮುಂದುವರಿಸಿತು. ಅಲ್ಲಿಂದ ಪಶ್ಚಿಮ ಭಾರತದಲ್ಲಿ ಹರಡಿದ ಈ ಬಿಸ್ಕತ್ತು, ದೀಪಾವಳಿಯ ಫರಾಳದಲ್ಲಿ ಕರಂಜಿ, ಚಿರೋಟಿ, ಅನಾರಸೆಗಳ ಪಕ್ಕ ಜಾಗ ಪಡೆಯಿತು. ಆದರೆ ಮನೆಯಲ್ಲಿ ಭಟ್ಟಿಯಿಲ್ಲ. ಆದ್ದರಿಂದ ದೀಪಾವಳಿಗೆ ಮುಂಚೆ, ಬೇಸಿಗೆ ರಜೆಯಲ್ಲಿ, ಹೆಂಗಸರು ಮಕ್ಕಳು ಮೈದಾ, ರವೆ, ಸಕ್ಕರೆ ಪುಡಿ, ತುಪ್ಪ ಅಥವಾ 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ತೆಗೆದುಕೊಂಡು ಪೇಟೆಯ ಭಟ್ಟಿಗೆ ಹೋಗುತ್ತಿದ್ದರು. ಅಲ್ಲೇ ಕಲಸಿಸಿ, ತಮ್ಮ ಟ್ರೇ ಯಾವುದೆಂದು ಗುರುತಿಟ್ಟುಕೊಂಡು, ಬೆಂದು ಆರುವವರೆಗೆ ಕಾದು, ತಂದ ಡಬ್ಬಿಯಲ್ಲೇ ತುಂಬಿಕೊಂಡು ಬರುತ್ತಿದ್ದರು. ತುಪ್ಪ ತಮ್ಮದೇ ಎಂಬ ನೆಮ್ಮದಿ ಒಂದು, ಅಂಗಡಿಗಿಂತ ಅಗ್ಗ ಎಂಬ ಲೆಕ್ಕ ಇನ್ನೊಂದು. ಬೆಳಗಾವಿ ಕಡೆಯಲ್ಲೂ ಬಿಸ್ಕೀಟು ಮಾಡಿಸಿಕೊಂಡು ಬರುವ ರೂಢಿ ಇತ್ತು. ಮನೆಯ ಬೇಕಿಂಗ್ ಎಂದರೆ ಮನೆಯ ನಾಲ್ಕು ಗೋಡೆಯೊಳಗೆ ಬೆಂದದ್ದು ಮಾತ್ರ ಎಂದುಕೊಂಡರೆ ಈ ಅಧ್ಯಾಯವೇ ಬಿಟ್ಟುಹೋಗುತ್ತದೆ.

ಪುಣೆ ಕ್ಯಾಂಟೋನ್ಮೆಂಟಿನ ಇರಾನಿ ಬೇಕರಿಗಳಲ್ಲಿ 1955ರ ಕಯಾನಿ ಬೇಕರಿ ಹೆಸರಾಂತದ್ದು. ಅದರ ಶ್ರೂಸ್‌ಬರಿ ಬಿಸ್ಕತ್ತು, ಮಾವಾ ಕೇಕಿನ ರುಚಿಯನ್ನು ಮನೆಯಲ್ಲಿ ತರಲು ಎಷ್ಟೋ ಅಡುಗೆಮನೆಗಳು ಹೆಣಗಿವೆ. ಮನೆಯ ಬೇಕಿಂಗಿಗೆ ಪುಣೆ ಕೊಟ್ಟ ಇನ್ನೂ ದೊಡ್ಡ ಕೊಡುಗೆ ಬೇರೆ. 1956ರಲ್ಲಿ ಆರಂಭವಾದ ಇಲ್ಲಿನ ವೀಕ್‌ಫೀಲ್ಡ್ ಕಂಪನಿಯ ಕಸ್ಟರ್ಡ್ ಪೌಡರ್, ಬೇಕಿಂಗ್ ಪೌಡರ್ ಡಬ್ಬಿಗಳು ಹುಬ್ಬಳ್ಳಿ, ಮೈಸೂರಿನ ಕಿರಾಣಿ ಅಂಗಡಿಗಳಿಗೂ ಬಂದವು.

ಮರಳು ಹಾಕಿದ ಕುಕ್ಕರ್

ಕೇಕು ನಿಜವಾಗಿ ಸಾಮಾನ್ಯರ ಮನೆ ಹೊಕ್ಕದ್ದು 1960ರ ನಂತರ, ಪ್ರೆಷರ್ ಕುಕ್ಕರ್ ಮೂಲಕ. 1965ರಲ್ಲಿ ಇಂಡೇನ್ ಗ್ಯಾಸ್ ಸಂಪರ್ಕ ಶುರುವಾದ ಮೇಲೆ ಉರಿಯನ್ನು ಬೇಕಾದಷ್ಟಕ್ಕೆ ನಿಲ್ಲಿಸುವುದು ಸುಲಭವಾಯಿತು. ವಿಧಾನ ಇಷ್ಟು: ತೊಳೆದು ಒಣಗಿಸಿದ ಮರಳು ಅಥವಾ ಕಲ್ಲುಪ್ಪನ್ನು ಕುಕ್ಕರಿನ ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ, ಮೇಲೊಂದು ಸ್ಟ್ಯಾಂಡ್ ಇಡಬೇಕು. ಮುಚ್ಚಳದ ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆಯಬೇಕು. ಇಲ್ಲದಿದ್ದರೆ ಆವಿ ಒಳಗೇ ನಿಂತು ಕೇಕು ಕಡುಬಾಗುತ್ತದೆ, ನೀರಿಲ್ಲದ ಕುಕ್ಕರಿನಲ್ಲಿ ಒತ್ತಡ ಕಟ್ಟುವುದು ಅಪಾಯವೂ ಹೌದು. ಹತ್ತು ನಿಮಿಷ ಕಾಯಿಸಿ, ಪಾತ್ರೆಯಿಟ್ಟು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಟ್ಟು, ಪೊರಕೆ ಕಡ್ಡಿ ಚುಚ್ಚಿ ನೋಡುವುದು. ಮರಳು ಬಿಸಿಯನ್ನು ಹಿಡಿದಿಟ್ಟು ಒಂದೇ ಸಮನೆ ಬಿಡುತ್ತದೆ, ತಳ ಸೀಯುವುದಿಲ್ಲ. ಮೇಲಿನಿಂದ ಶಾಖ ಬಾರದೆ ಕೇಕಿನ ನೆತ್ತಿ ಬಿಳಿಚಿಕೊಳ್ಳುವುದೊಂದೇ ಕೊರತೆ. ಹಳೆಯ ಮುಚ್ಚಳದ ಕೆಂಡ ಇದ್ದದ್ದು ಅದಕ್ಕೇ. ಮರಳು ತಟ್ಟೆಯಿರುವ ಅಲ್ಯೂಮಿನಿಯಂ ಓವನ್, ಗಾಜಿನ ಕಿಂಡಿಯ ದುಂಡನೆಯ ಕರೆಂಟ್ ಓವನ್, ಆಮೇಲೆ ಓಟಿಜಿ ಸಾಲಾಗಿ ಬಂದವು.

ಮೊಟ್ಟೆಯಿಲ್ಲದ ಕೇಕಿಗೆ ಆಧಾರವಾದದ್ದು ಗಟ್ಟಿ ಹಾಲು. ನೆಸ್ಲೆ 1961ರಲ್ಲಿ ಪಂಜಾಬಿನ ಮೋಗಾದಲ್ಲಿ ಕಾರ್ಖಾನೆ ತೆರೆಯಿತು; ಅದರ ಮಿಲ್ಕ್‌ಮೇಡ್ ಡಬ್ಬಿಯ ಪಾಕವಿಧಾನವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡ ಮನೆಗಳು ಅಸಂಖ್ಯ. ಡಬ್ಬಿ ದುಬಾರಿಯಾದವರು ಮೊಸರಿಗೆ ಅಡುಗೆ ಸೋಡಾ ಬೆರೆಸಿದರು. ಮೊಸರಿನ ಹುಳಿ ಸೋಡಾದೊಡನೆ ಸೇರಿ ಅನಿಲ ಬಿಡುವುದರಿಂದ ಹಿಟ್ಟು ಉಬ್ಬುತ್ತದೆ.

ಚಾಕಣ ಮತ್ತು ಇಂದಿನ ಸ್ಥಿತಿ

ಪುಣೆ-ನಾಶಿಕ ಹೆದ್ದಾರಿಯ ಚಾಕಣ ಈರುಳ್ಳಿ, ಆಲೂಗಡ್ಡೆ ಮಾರುಕಟ್ಟೆಗೂ ಸಂಗ್ರಾಮದುರ್ಗ ಕೋಟೆಗೂ ಹೆಸರಾದ ಊರು. 1999ರಲ್ಲಿ ಬಜಾಜ್, 2009ರಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಮರ್ಸಿಡಿಸ್, 2010ರಲ್ಲಿ ಮಹೀಂದ್ರ ಕಾರ್ಖಾನೆಗಳು ನೆಲೆಗೊಂಡು ಅದು ವಾಹನ ಉದ್ಯಮದ ಕೇಂದ್ರವಾಯಿತು. ಕೆಲಸ ಹುಡುಕಿ ಬಂದವರಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದಾರೆ. ಇಂಥ ಊರುಗಳ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಮನೆಯ ಬೇಕಿಂಗ್ ಜೀವನೋಪಾಯವೂ ಆಗಿದೆ. ಚಳಿಗಾಲದಲ್ಲಿ ಮಹಾಬಳೇಶ್ವರದ ಸ್ಟ್ರಾಬೆರಿ, ಬೇಸಿಗೆಯಲ್ಲಿ ಹಾಪುಸ್ ಮಾವು ಕೇಕಿನ ಮೇಲೆ ಬರುತ್ತವೆ. ದೀಪಾವಳಿಗೆ ಓಟಿಜಿಯಲ್ಲಿ ಬೆಂದ ನಾನ್‌ಖಟಾಯಿ, ಶೇಂಗಾ ಹೋಳಿಗೆಯ ಜೊತೆ ಒಂದೇ ಡಬ್ಬಿಯಲ್ಲಿ ಹೋಗುತ್ತದೆ. 2020ರ ಮಾರ್ಚಿನ ಲಾಕ್‌ಡೌನ್ ಈ ಬೆಳವಣಿಗೆಗೆ ವೇಗ ಕೊಟ್ಟಿತು: ಬೇಕರಿಗಳು ಮುಚ್ಚಿದ್ದಾಗ ಹುಟ್ಟುಹಬ್ಬದ ಕೇಕು ಮನೆಯಲ್ಲೇ ಆಯಿತು, ಕಲಿತವರಲ್ಲಿ ಹಲವರು ಮಾರಾಟಕ್ಕಿಳಿದರು.

ಹೀಗೆ ಮಾರುವವರೆಲ್ಲ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. 2011ರ ನಿಯಮಾವಳಿ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣ ಉದ್ದಿಮೆಗೆ ಪರವಾನಗಿಯ ಬದಲು ಸರಳ ನೋಂದಣಿ ಸಾಕೆಂದು ಗೊತ್ತುಪಡಿಸಿತು. ನೋಂದಣಿ ಸಂಖ್ಯೆ 14 ಅಂಕಿಗಳದ್ದು. ಮನೆಯಲ್ಲಿ ಮಾಡಿದ ಕೇಕನ್ನು ದುಡ್ಡು ಕೊಟ್ಟು ತರಿಸುವವರು ಡಬ್ಬಿಯ ಮೇಲೆ ಆ ಸಂಖ್ಯೆಯನ್ನೂ, ಮೊಟ್ಟೆ ಇದೆಯೋ ಇಲ್ಲವೋ ತಿಳಿಸುವ ಗುರುತನ್ನೂ, ತಯಾರಿಸಿದ ದಿನಾಂಕವನ್ನೂ ನೋಡಿ ಕೊಳ್ಳಬೇಕು.